ಖಾತ್ರಿ ಕೆಲಸ ಮತ್ತು ಏಪ್ರಿಲ್ ಬಿಸಿಲು

ರಾಯಚೂರು ಜಿಲ್ಲೆಯಲ್ಲಿ ಉದ್ಯೋಗ ಖಾತ್ರಿಯ ಹೂಳೆತ್ತುವ ಕೆಲಸಕ್ಕೆ ಜನ ಹೆಚ್ಚಾಗಿ ಬರುವುದು ಹೊಲದಲ್ಲಿ ಬೇರೆ ದುಡಿಮೆಯಿಲ್ಲದ ಏಪ್ರಿಲ್, ಮೇ ತಿಂಗಳುಗಳಲ್ಲಿ, ಅಂದರೆ ಉಷ್ಣಾಂಶ 42 ಡಿಗ್ರಿ ದಾಟುವ ದಿನಗಳಲ್ಲಿಯೇ. ಕೂಲಿಕಾರರ ನಡುವೆ ಕೆಲಸ ಮಾಡುವ ನಾನು 2024ರ ಬೇಸಿಗೆಯಲ್ಲಿ ಎಚ್ಚರಿಕೆಯ ಕರಪತ್ರಗಳನ್ನು ಬದಿಗಿಟ್ಟು ಕೂಲಿಯ ಲೆಕ್ಕದಿಂದ ಆರಂಭಿಸಿದೆ. ಆ ವರ್ಷದ ದಿನಗೂಲಿ 349 ರೂಪಾಯಿ ಪೂರ್ತಿ ಸಿಗಬೇಕಾದರೆ ನಿಗದಿತ ಅಳತೆಯ ಮಣ್ಣು ಕಡಿಯಲೇಬೇಕು. ನೆರಳಿನಲ್ಲಿ ಕುಳಿತ ಹೊತ್ತು ಅಳತೆಯಲ್ಲಿ ಕೊರತೆಯಾಗಿ ಕಾಣುತ್ತದೆ. ಹೀಗಿರುವಾಗ ‘ಮಧ್ಯಾಹ್ನ ಹೊರಗೆ ಹೋಗಬೇಡಿ’ ಎಂಬ ಉಪದೇಶ ಯಾರ ಹೊಟ್ಟೆ ತುಂಬಿಸೀತು?

ರಾಯಚೂರು ಸೇರಿರುವ ಕಲಬುರಗಿ ವಿಭಾಗದಲ್ಲಿ ಬೇಸಿಗೆಗೆಂದು ಕೂಲಿ ಕಡಿತವಿಲ್ಲದೆ ಕೆಲಸದ ಪ್ರಮಾಣ ತಗ್ಗಿಸುವ ಸರ್ಕಾರದ ರಿಯಾಯಿತಿ ಆಗ ಇತ್ತು. ಆದೇಶದ ಪ್ರತಿಯನ್ನು ಕೆರೆಯಂಗಳದಲ್ಲಿ ಎಂಜಿನಿಯರ್ ಮತ್ತು ಕೂಲಿಕಾರರ ಗುಂಪಿನ ಮೇಲ್ವಿಚಾರಣೆ ನೋಡುವ ಕಾಯಕ ಬಂಧುಗಳ ಎದುರಿಗೇ ಓದಿ ಹೇಳಿದೆವು. ಬಳಿಕ ಟೇಪು ಹಿಡಿದು, ತಗ್ಗಿಸಿದ ಅಳತೆಯ ಗುಂಡಿಗಳನ್ನು ಸುಣ್ಣದಿಂದ ನೆಲದ ಮೇಲೆಯೇ ಗುರುತು ಹಾಕಿಸಿದೆವು. ಗೆರೆ ಕಣ್ಣಿಗೆ ಕಂಡ ಮೇಲೆ ವಾದಕ್ಕೆ ಎಡೆಯಿರಲಿಲ್ಲ. ಹಾಜರಿಗೆಂದು ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಫೋಟೊ ಹಾಕಬೇಕಿತ್ತು; ಎರಡನೆಯದನ್ನು ಮೊದಲನೆಯದರ ನಾಲ್ಕು ಗಂಟೆಯ ನಂತರ ತೆಗೆಯಬೇಕಾದುದರಿಂದ, ಬೆಳಕು ಹರಿಯುತ್ತಲೇ ಕೆಲಸ ಹಿಡಿದು ಹನ್ನೊಂದರೊಳಗೆ ಮನೆ ಸೇರುವಂತೆ ವೇಳೆಯನ್ನು ಹೊಂದಿಸಿಕೊಂಡೆವು. ನೆಟ್‌ವರ್ಕ್ ಕೈಕೊಟ್ಟ ದಿನ ಮಾತ್ರ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು.

ಕೆಲಸದ ಸ್ಥಳದಲ್ಲಿ ಕುಡಿಯುವ ನೀರು, ನೆರಳು ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇರಬೇಕೆಂದು ಕಾನೂನೇ ಹೇಳುತ್ತದೆ. ಪಂಚಾಯಿತಿಯ ಬೆನ್ನುಹತ್ತಿ ನೀರಿನ ಕ್ಯಾನುಗಳನ್ನು ತರಿಸಿದರೂ ಹೆಂಗಸರು ಒಂದೆರಡು ಗುಟುಕಿಗಿಂತ ಹೆಚ್ಚು ಕುಡಿಯುತ್ತಿರಲಿಲ್ಲ. ಕಾರಣವನ್ನು ಹಿರಿಯ ಹೆಂಗಸೊಬ್ಬರು ಬಿಡಿಸಿ ಹೇಳಿದರು: ‘ಕುಡದ್ರ ಹೋಗೂದು ಎಲ್ಲಿಗ್ರಿ?’ ಸುತ್ತಲೂ ಬಯಲು, ಮರೆಯಾಗಲು ಒಂದು ಜಾಲಿಗಿಡವೂ ಇಲ್ಲ. ನಾಲ್ಕು ಗಳು ನೆಟ್ಟು ಹಳೆಯ ಸೀರೆಗಳನ್ನು ಸುತ್ತಿ ಮರೆ ಕಟ್ಟಿದ ಮೇಲೆಯೇ ಕ್ಯಾನುಗಳು ಖಾಲಿಯಾಗತೊಡಗಿದವು. ನನ್ನ ಮಟ್ಟಿಗೆ, ಆ ಬೇಸಿಗೆಯಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಫಲ ಕೊಟ್ಟ ಕೆಲಸ ಅದು.

ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸುವುದನ್ನು ಕಾಯಕ ಬಂಧುಗಳಿಗೆ ಕಲಿಸಿದೆವು. ಯಾರಾದರೂ ತೊದಲಿದರೆ ಅಥವಾ ದಿಕ್ಕುತಪ್ಪಿದವರಂತೆ ವರ್ತಿಸಿದರೆ ಅದನ್ನು ಬರಿಯ ಸುಸ್ತೆಂದು ಬಿಡದೆ, ನೆರಳಿಗೆ ಒಯ್ದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕೆಂದು ಹೇಳಿಕೊಟ್ಟೆವು. ಪ್ರಜ್ಞೆ ಮಸುಕಾದವರ ಬಾಯಿಗೆ ನೀರು ಹಾಕಬಾರದೆಂಬುದನ್ನು ಮತ್ತೆ ಮತ್ತೆ ಹೇಳಬೇಕಾಯಿತು. ಇಲ್ಲಿನದು ಒಣ ಸೆಕೆಯಾದ್ದರಿಂದ ಒದ್ದೆ ಬಟ್ಟೆ ಬೇಗ ಆರಿ ಮೈಯನ್ನು ತಣಿಸುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಇಷ್ಟು ಕೆಲಸ ಮಾಡದು.

ಇಟ್ಟಿಗೆ ಭಟ್ಟಿಗಳಲ್ಲಿ ದುಡಿಯುವವರ ಮಟ್ಟಿಗೆ ಈ ದಾರಿ ನಡೆಯಲಿಲ್ಲ. ಅಲ್ಲಿ ಸಾವಿರ ಇಟ್ಟಿಗೆಗೆ ಇಷ್ಟೆಂದು ಕೂಲಿ, ಅದರಲ್ಲಿ ಮುಂಗಡದ ಮುರಿತ ಬೇರೆ. ಓದಿ ತೋರಿಸಬಹುದಾದ ರಿಯಾಯಿತಿಯ ಆದೇಶವಿಲ್ಲ. ಅಲ್ಲಿ ಸದ್ಯಕ್ಕೆ ನಮ್ಮಿಂದ ಆಗಿರುವುದು ಮಾಲೀಕರೊಂದಿಗೆ ಮಾತಾಡಿ ಕುಡಿಯುವ ನೀರಿನ ತೊಟ್ಟಿಗೊಂದು ಚಪ್ಪರ ಹಾಕಿಸಿದ್ದು ಮಾತ್ರ.