ಕತ್ತಲಾದ ಮೇಲೆ ಆ ಮನೆಗೆ ಒಮ್ಮೆ ನಡೆದು ನೋಡಿ

ಮೇ ತಿಂಗಳು ಬಂತೆಂದರೆ ಕಾಸರಗೋಡು ಪೇಟೆಯಲ್ಲಿ ಬಾಡಿಗೆ ಮನೆ ಹುಡುಕುವವರ ಓಡಾಟ ಶುರು. ಬಾಯಾರು, ಪೆರ್ಲ, ಮುಳ್ಳೇರಿಯ ಕಡೆಯಿಂದ ಮಕ್ಕಳ ಓದಿಗೆಂದು ಬರುವವರು, ಘಟ್ಟದ ಮೇಲಿಂದ ವರ್ಗವಾಗಿ ಬರುವ ಬ್ಯಾಂಕಿನವರು, ಕೂಡ್ಲಿನ ತೋಟಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೋ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೋ ಸೇರಿದವರು. ಎಲ್ಲರೂ ಮೊದಲು ಕೇಳುವುದು ಒಂದೇ ಮಾತು: "ಆ ಜಾಗ ಹೇಗೆ? ತೊಂದರೆ ಏನಿಲ್ಲ ಅಲ್ವಾ?"

ಇದಕ್ಕೆ ಸಿಗುವ ಉತ್ತರ ಹೆಚ್ಚಾಗಿ ಜಾಗದ ಬಗ್ಗೆ ಇರುವುದೇ ಇಲ್ಲ. ಅಲ್ಲಿ ಯಾವ ಜಾತಿಯವರು, ಯಾವ ಮತದವರು, ಯಾವ ಪಕ್ಷದವರು ಇದ್ದಾರೆ ಎಂಬುದರ ಬಗ್ಗೆ ಇರುತ್ತದೆ. "ಅಲ್ಲಿ ನಮ್ಮವರೇ ಇರುವುದು, ಹೆದರಬೇಡಿ" ಎನ್ನುತ್ತಾರೆ. 12 ವರ್ಷದ ಹಿಂದೆ ಮಗಳ ಹನ್ನೊಂದನೇ ಕ್ಲಾಸು, ಪ್ಲಸ್ ವನ್‌ಗೆಂದು ಪೇಟೆಗೆ ಬಂದಾಗ ನಾವೂ ಆ ಮಾತು ನಂಬಿದೆವು. ಭಾನುವಾರ ಬೆಳಿಗ್ಗೆ 11 ಗಂಟೆಗೆ ಮನೆ ನೋಡಿ, ಮಧ್ಯಾಹ್ನ ಊಟಕ್ಕೆ ಮೊದಲೇ ಅಡ್ವಾನ್ಸ್ ಕೊಟ್ಟೆವು. ಸುತ್ತ ನಮ್ಮವರೇ ಇದ್ದರು, ಸರಿ. ಆದರೆ ಸಂಜೆ ಏಳಕ್ಕೆ ಎಲ್ಲರ ಗೇಟೂ ಬೀಗ. ಬಸ್ಸಿಳಿದು ಮನೆಗೆ ಬರುವ ದಾರಿಯಲ್ಲಿ ತೋಡಿನ ಬದಿಯ ಅರ್ಧ ಫರ್ಲಾಂಗು ಒಂದೇ ಒಂದು ದೀಪ ಇರಲಿಲ್ಲ. ಜೂನ್ ಎರಡನೇ ವಾರ ಹಿತ್ತಿಲಿನ ಬರೆ (ಗುಡ್ಡೆ ಕಡಿದಲ್ಲಿ ನಿಂತ ಮಣ್ಣಿನ ಗೋಡೆ) ಜರಿದು ಅಡುಗೆಮನೆ ಕಿಟಕಿಯ ತನಕ ಕೆಸರು ಬಂತು. ನಾಲ್ಕೇ ತಿಂಗಳಲ್ಲಿ ಬಿಟ್ಟೆವು.

ಎರಡನೇ ಮನೆಯ ಎದುರು ಒಬ್ಬರು ಉಮ್ಮ, ಮುಸ್ಲಿಂ ತಾಯಿ, ಇದ್ದರು. ಟ್ಯೂಷನ್ ಮುಗಿಸಿ ಮಗಳು ಗೇಟು ದಾಟುವ ತನಕ ಅವರ ಜಗಲಿಯ ಲೈಟು ಆರುತ್ತಿರಲಿಲ್ಲ. ನಾವು ಹೇಳಿದ್ದಲ್ಲ, ಕೇಳಿದ್ದಲ್ಲ. ಹಾಗಾಗಿ ಅಲ್ಲಿ ಯಾರು ಇದ್ದಾರೆ ಎಂದು ಕೇಳಬೇಡಿ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರ ಬಾಗಿಲು ತೆರೆದಿರುತ್ತದೆ ಎಂದು ಹೋಗಿ ನೋಡಿ. ಅದನ್ನು ನೋಡುವುದು ಹೇಗೆ ಎಂದು ಹೇಳುತ್ತೇನೆ.

ಮೊದಲು ಜಾಗದ ಹೆಸರು ಓದಿ

ಇದು ನಮ್ಮ ಕಡೆಯವರಿಗೆ ಸಿಕ್ಕಿರುವ ದೊಡ್ಡ ಅನುಕೂಲ. ಇಲ್ಲಿ ಜಾಗದ ಹೆಸರಲ್ಲೇ ನೆಲದ ಗುಣ ಉಂಟು. ಬೀರಂತಬೈಲು, ಅಡ್ಕತ್ತಬೈಲು ಎಂಬಲ್ಲಿ 'ಬೈಲು' ಎಂದರೆ ಗದ್ದೆಯ ತಗ್ಗು. ಮಲಯಾಳದಲ್ಲಿ 'ವಯಲ್' ಎಂದರೂ ಅದೇ. 'ಪದವು', 'ಅಡ್ಕ' ಎಂದರೆ ಮೇಲಿನ ಸಮತಟ್ಟು ನೆಲ. 'ಕುನ್ನು', 'ಗುಡ್ಡೆ' ಎಂದರೆ ಏರು. 'ಕಡಪ್ಪುರ' ಎಂದರೆ ಕಡಲ ಬದಿ. ಬೈಲು ಎಂದು ಹೆಸರಿದ್ದ ಮಾತ್ರಕ್ಕೆ ಮನೆ ಮುಳುಗುತ್ತದೆ ಅಂತಲ್ಲ. ಅಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು, ಗುಡ್ಡೆಯಲ್ಲಾದರೆ ಬರೆಯದು, ಅಷ್ಟೇ.

ಜಿಲ್ಲೆಯಲ್ಲಿ 12 ಹೊಳೆ ಹರಿಯುತ್ತವೆ. ವರ್ಷಕ್ಕೆ 3000 ಮಿ.ಮೀ.ಗಿಂತ ಜಾಸ್ತಿ ಮಳೆ. ಮಳೆ ಜೋರಾದರೆ ಮಧುವಾಹಿನಿ ಉಕ್ಕಿ ಮಧೂರು ದೇವಸ್ಥಾನದ ಅಂಗಳಕ್ಕೇ ನೀರು ಬರುವುದನ್ನು ಪ್ರತಿ ಮಳೆಗಾಲ ಪೇಪರಿನಲ್ಲಿ ನೋಡುತ್ತೇವೆ. ಉಪ್ಪಳದ ಮೂಸೋಡಿಯಂತಹ ಕಡೆ ಕಡಲ್ಕೊರೆತ. ಚೆರುವತ್ತೂರಿನ ವೀರಮಲಕುನ್ನು 2025ರ ಜುಲೈಯಲ್ಲಿ ಹೆದ್ದಾರಿಗೇ ಜರಿದು ಬಿತ್ತು. ಸುರಕ್ಷೆ ಎಂದರೆ ಕಳ್ಳರ ಭಯ ಮಾತ್ರ ಎಂದುಕೊಂಡರೆ ನಮ್ಮ ಜಿಲ್ಲೆಯಲ್ಲಿ ಅರ್ಧ ಮಾತ್ರ ನೋಡಿದ ಹಾಗೆ.

ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ವೆಬ್‌ಸೈಟಿನಲ್ಲಿ ನೆರೆ ಮತ್ತು ಭೂಕುಸಿತದ ನಕ್ಷೆ ಸಿಗುತ್ತದೆ. ಅದನ್ನು ಒಮ್ಮೆ ತೆರೆದು ನೋಡಿ. ಆದರೆ ಒಂದು ಮನೆಯ ಹಿತ್ತಿಲು ಯಾವ ನಕ್ಷೆಯಲ್ಲೂ ಕಾಣುವುದಿಲ್ಲ, ಅದಕ್ಕೆ ಕಾಲಲ್ಲೇ ಹೋಗಬೇಕು.

ಮೂರು ಹೊತ್ತು, ಮೂರು ನಡಿಗೆ

ಕಾರಿನಲ್ಲಿ ಹೋಗಿ ಮನೆಯ ಅಂಗಳದಲ್ಲೇ ಇಳಿಯಬೇಡಿ. ಬ್ರೋಕರ್ ಜೊತೆಯಲ್ಲೂ ಬೇಡ. ನಿಮ್ಮ ಮನೆಯವರು ದಿನಾ ಇಳಿಯುವ ಬಸ್‌ಸ್ಟಾಪಿನಿಂದಲೋ ರೈಲು ನಿಲ್ದಾಣದಿಂದಲೋ ನಡೆದೇ ಹೋಗಿ. ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಎರಡೂವರೆ ಹೊತ್ತಿಗೆ ಒಮ್ಮೆ, ರಾತ್ರಿ ಎಂಟೂವರೆಗೆ ಒಮ್ಮೆ.

ಬೆಳಗಿನದು ಸುಲಭ. ಮಕ್ಕಳು ನಡೆದು ಹೋಗುತ್ತಾರೆಯೇ, ಬಸ್ಸಿಗೆ ಎಲ್ಲಿ ಕಾಯುತ್ತಾರೆ, ಅಷ್ಟು ನೋಡಿದರೆ ಸಾಕು. ಮಧ್ಯಾಹ್ನದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಂಡಸರು ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಓಣಿ ಖಾಲಿ ಇರುವ ಹೊತ್ತು ಅದು. ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವುದು ಆಗಲೇ. ಕೂಗಿದರೆ ಕೇಳುವಷ್ಟು ದೂರದಲ್ಲಿ ಒಬ್ಬರಾದರೂ ಇದ್ದಾರಾ ನೋಡಿ. ಹೊಲಿಗೆ ಯಂತ್ರದ ಸದ್ದು, ಬಟ್ಟೆ ಒಗೆಯುವ ಸದ್ದು ಕೇಳಿದರೂ ಸಾಕು.

ರಾತ್ರಿಯ ನಡಿಗೆಯೇ ಮುಖ್ಯ. ಮನೆಯಲ್ಲಿ ಹೆಂಗಸರು, ಹೆಣ್ಣುಮಕ್ಕಳು ಇದ್ದರೆ ಅವರೂ ಜೊತೆಗೆ ಬರಲಿ. ಗಂಡಸಿಗೆ ಏನೂ ಅನ್ನಿಸದ ತಿರುವಿನಲ್ಲಿ ಅವರಿಗೆ ಕಾಲು ಹಿಂಜರಿಯುತ್ತದೆ, ಆ ಅಳುಕನ್ನು ಸುಮ್ನೆ ತಳ್ಳಿಹಾಕಬೇಡಿ. ಬಸ್‌ಸ್ಟಾಪಿನಿಂದ ಮನೆಯ ತನಕ ಉರಿಯುವ ದೀಪ ಎಷ್ಟು, ಉರಿಯದ್ದು ಎಷ್ಟು ಎಂದು ಎಣಿಸಿ. ಕಂಬದ ಮೇಲೆ ನಂಬರು ಬರೆದಿದ್ದರೆ ಗುರುತು ಹಾಕಿಕೊಳ್ಳಿ. ಕೊನೆಯ ಅಂಗಡಿ ಎಷ್ಟು ಗಂಟೆಗೆ ಬಾಗಿಲು ಹಾಕುತ್ತದೆ? ದಾರಿಯಲ್ಲಿ ಪಾಳು ಮನೆ, ಕೆಲಸ ನಿಂತ ಕಟ್ಟಡ, ಪೊದೆ ಬೆಳೆದ ಖಾಲಿ ಸೈಟು ಎಷ್ಟು? ನಾಯಿಗಳು ಗುಂಪಾಗಿ ಎಲ್ಲಿ ಮಲಗುತ್ತವೆ? ಬೈಕಿನಲ್ಲಿ ಟ್ಯೂಷನ್ನಿಂದ ಬರುವ ಮಕ್ಕಳಿಗೆ ಇದು ಸಣ್ಣ ವಿಷಯವಲ್ಲ.

ದೀಪ ಕೆಟ್ಟಿರುವುದೇ ದೊಡ್ಡ ದೋಷವಲ್ಲ. ಎಷ್ಟು ದಿನದಿಂದ ಕೆಟ್ಟಿದೆ ಎಂಬುದು ಮುಖ್ಯ. ಒಂದು ವಾರವಾದರೆ ಸರಿಯಾಗುತ್ತದೆ. ಒಂದು ವರ್ಷವಾಗಿದ್ದರೆ ಆ ಓಣಿಯ ಬಗ್ಗೆ ಕೇಳುವವರು ಯಾರೂ ಇಲ್ಲ ಎಂದರ್ಥ. ಬೀದಿದೀಪ ನಗರಸಭೆಯ ಅಥವಾ ಪಂಚಾಯತಿನ ಜವಾಬ್ದಾರಿ. ಭಾಷಾ ಅಲ್ಪಸಂಖ್ಯಾತರಾದ ನಮಗೆ ಇಲ್ಲಿನ ಕಚೇರಿಗಳಿಗೆ ಕನ್ನಡದಲ್ಲೇ ಅರ್ಜಿ ಬರೆಯುವ ಹಕ್ಕು ಉಂಟು. ಬಾಡಿಗೆಗೆ ಸೇರಿದ ಮೇಲೆ ಕಂಬದ ನಂಬರು ಹಾಕಿ ಬರೆಯಿರಿ.

ಇನ್ನೊಂದು ಹೊಸ ವಿಷಯ, ಹೆದ್ದಾರಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಊರಿನ ಎರಡು ಬದಿ ಬೇರೆ ಬೇರೆ ಆದ ಹಾಗಾಗಿದೆ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಯ ತನಕ ಮೇಲ್ಸೇತುವೆ ಇರುವುದರಿಂದ ಪೇಟೆಯೊಳಗೆ ಅಡಿಯಲ್ಲಿ ದಾಟಬಹುದು. ಪೇಟೆಯಿಂದ ಹೊರಗೆ ಹಾಗಲ್ಲ. ಮೊದಲಿನ ಹಾಗೆ ಬೇಕಾದಲ್ಲಿ ದಾಟಲು ಆಗುವುದಿಲ್ಲ. ಮ್ಯಾಪಿನಲ್ಲಿ ಬಸ್‌ಸ್ಟಾಪಿಗೆ ನೂರು ಮೀಟರು ಎಂದು ತೋರಿಸುವ ಮನೆಯಿಂದ ಅಂಡರ್‌ಪಾಸಿಗೆ ಸುತ್ತು ಹಾಕಿ ಹೋದರೆ ಎಷ್ಟಾಗುತ್ತದೆ ಎಂದು ನಡೆದೇ ಅಳೆಯಿರಿ. ಆ ಅಂಡರ್‌ಪಾಸಿನಲ್ಲಿ ರಾತ್ರಿ ಬೆಳಕು ಉಂಟಾ, ಮಳೆಗಾಲ ನೀರು ನಿಲ್ಲುತ್ತದಾ ಎಂದೂ ಕೇಳಿ. ಸುತ್ತು ದೂರವಾದರೆ ಮಕ್ಕಳು ತಡೆಗೋಡೆ ಹಾರಿ ದಾಟುತ್ತಾರೆ, ಅದೇ ದೊಡ್ಡ ಭಯ. ರೈಲು ಹಳಿಯ ಪಡುವಣ ಬದಿಯ ಮನೆಗಳಿಗೂ ಇದೇ ಮಾತು. ಗೇಟು ಬಿದ್ದಾಗ ಆಂಬುಲೆನ್ಸಿಗೆ ಬೇರೆ ದಾರಿ ಉಂಟಾ?

ಕೇಳಬೇಕಾದವರನ್ನು ಕೇಳಿ

ಬ್ರೋಕರಿಗೂ ಮನೆ ಯಜಮಾನರಿಗೂ ಮನೆ ಬಾಡಿಗೆಗೆ ಹೋದರೆ ಸಾಕು. ಅವರ ಮಾತನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಕೇಳಬೇಕಾದವರು ಹರಿತ ಕರ್ಮಸೇನೆಯ ಹೆಂಗಸರು. ಹಸಿರು ಕೋಟು ಹಾಕಿ, ಗೋಣಿಯಲ್ಲಿ ಪ್ಲಾಸ್ಟಿಕ್ ತುಂಬಿಸಿಕೊಂಡು ಮನೆ ಮನೆಗೆ ಹೋಗುವವರು ಇವರು. ಯಾವ ಮನೆಯ ನಾಯಿ ಕಟ್ಟಿರುವುದಿಲ್ಲ, ಯಾವ ಗೇಟಿನ ಹತ್ತಿರ ಕುಡಿದವರು ಕೂರುತ್ತಾರೆ, ಯಾವ ಓಣಿಯಲ್ಲಿ ಅವರೇ ಒಬ್ಬೊಬ್ಬರಾಗಿ ಹೋಗುವುದಿಲ್ಲ, ಎಲ್ಲ ಗೊತ್ತು. ಅವರನ್ನು "ಈ ಜಾಗ ಒಳ್ಳೆಯದಾ?" ಎಂದು ಕೇಳಬೇಡಿ. "ನೀವು ಈ ಓಣಿಗೆ ಒಬ್ಬರೇ ಬರುತ್ತೀರಾ?" ಎಂದು ಕೇಳಿ. ಉತ್ತರಕ್ಕೂ ಮೊದಲು ಅವರ ಮುಖ ಹೇಳುತ್ತದೆ.

ಆಮೇಲೆ ಆಶಾ ಕಾರ್ಯಕರ್ತೆ, ಹಾಲು ಹಾಕುವವರು, ರಿಕ್ಷಾ ಸ್ಟ್ಯಾಂಡಿನವರು. ರಾತ್ರಿ ಒಂಬತ್ತಕ್ಕೆ ಆ ಮನೆಗೆ ಬರುತ್ತೀರಾ ಎಂದು ರಿಕ್ಷಾದವರನ್ನು ಕೇಳಿದರೆ ರಸ್ತೆಯ ಸ್ಥಿತಿಯೂ ಗೊತ್ತಾಗುತ್ತದೆ. ಕೇರಳದ ಮಹಿಳಾ ಯೋಜನೆ ಕುಟುಂಬಶ್ರೀಯ ಅಯಲ್‌ಕೂಟ ಎಲ್ಲ ಕಡೆ ಉಂಟು. 10ರಿಂದ 20 ಮನೆಯ ಹೆಂಗಸರು ಸೇರುವ ಗುಂಪು ಅದು. ಸಭೆ ಸರಿಯಾಗಿ ನಡೆಯುವ ಕಡೆ ಒಬ್ಬರ ಕಷ್ಟ ಇನ್ನೊಬ್ಬರಿಗೆ ಗೊತ್ತಿರುತ್ತದೆ.

ಮಲಯಾಳ ಬಾರದವರು ಎರಡು ಮಾತು ಕಲಿತು ಹೋಗಿ. "ಇವಿಡೆ ವೆಳ್ಳಂ ಕಯರುಮೋ?" ಎಂದರೆ ಇಲ್ಲಿ ನೀರು ನುಗ್ಗುತ್ತದಾ ಎಂದು. "ರಾತ್ರಿ ಕುಳಪ್ಪಂ ಉಂಡೋ?" ಎಂದರೆ ರಾತ್ರಿ ತೊಂದರೆ ಉಂಟಾ ಎಂದು. ತುಳು ಬಂದರೆ ಇನ್ನೂ ಒಳ್ಳೆಯದು. ಕನ್ನಡದಲ್ಲಿ ಕೇಳಿದರೂ ಎಷ್ಟೋ ಮಂದಿ ಉತ್ತರ ಕೊಡುತ್ತಾರೆ, ಏಳು ಭಾಷೆಯ ಊರು ಇದು. ಆದರೆ ಅವರ ಭಾಷೆಯಲ್ಲಿ ಒಂದು ಮಾತು ಆಡಿದರೆ ಬಾಗಿಲಲ್ಲೇ ನಿಂತವರು ಜಗಲಿಗೆ ಕರೆದು ಕೂರಿಸುತ್ತಾರೆ.

ಪೊಲೀಸ್ ಠಾಣೆಗೆ ಹೋಗಲು ಹಿಂಜರಿಯಬೇಡಿ

ಕೇರಳದಲ್ಲಿ 2008ರಲ್ಲಿ ಶುರುವಾದ ಜನಮೈತ್ರಿ ವ್ಯವಸ್ಥೆಯಲ್ಲಿ ಒಂದೊಂದು ಪ್ರದೇಶಕ್ಕೆ ಬೀಟ್ ಪೊಲೀಸರು ಇರುತ್ತಾರೆ. ಆ ಮನೆ ಯಾವ ಠಾಣೆಗೆ ಸೇರುತ್ತದೆ ಎಂದು ಮೊದಲು ತಿಳಿಯಿರಿ. ಪೇಟೆಯ ಹತ್ತಿರದ ಮನೆಗಳೆಲ್ಲ ಕಾಸರಗೋಡು ಠಾಣೆಗೇ ಸೇರುವುದಿಲ್ಲ, ವಿದ್ಯಾನಗರಕ್ಕೆ ಬೇರೆಯೇ ಠಾಣೆ ಉಂಟು. ಹೋಗಿ ಮನೆ ಹುಡುಕುತ್ತಿದ್ದೇವೆ ಎಂದು ಹೇಳಿ, ಬೀಟ್ ಪೊಲೀಸರ ಜೊತೆ ಮಾತಾಡಿ.

2016ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು, ಎಫ್‌ಐಆರ್ ದಾಖಲಾದ 24 ಗಂಟೆಯೊಳಗೆ ವೆಬ್‌ಸೈಟಿನಲ್ಲಿ ಹಾಕಬೇಕು ಎಂದು ಆದೇಶ ಮಾಡಿತು. ಲೈಂಗಿಕ ಅಪರಾಧದಂತಹ ಸೂಕ್ಷ್ಮ ಪ್ರಕರಣಗಳಿಗೆ ಇದು ಅನ್ವಯಿಸುವುದಿಲ್ಲ. ಕೇರಳ ಪೊಲೀಸರ 'ತುಣ' ಪೋರ್ಟಲಿನಲ್ಲಿ ಠಾಣೆಯ ಹೆಸರು ಹಾಕಿ ಹುಡುಕಬಹುದು. ಮಲಯಾಳ ಓದಲು ಬರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆದರೆ ಕೇಸು ಕಡಿಮೆ ಇದ್ದರೆ ಜಾಗ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ದೂರು ಕೊಡಲು ಹೆದರುವ ಕಡೆಯೂ ಕೇಸು ಕಡಿಮೆಯೇ.

ಬರೆ, ಬಾವಿ, ಹಿಂದಿನ ಬಾಗಿಲು

ಈಗ ಮನೆಯ ಹಿಂದಕ್ಕೆ ಹೋಗಿ. ಮುರಕಲ್ಲಿನ ಗುಡ್ಡೆ ಕಡಿದು ಮನೆ ಕಟ್ಟಿದ್ದರೆ ಕಡಿದ ಬರೆ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ ನೋಡಿ. ಮೇಲಿನ ಕಲ್ಲು ಗಟ್ಟಿ ಕಂಡರೂ ಅಡಿಯ ಮಣ್ಣು ಮೆತ್ತಗೆ, ಬಿಳಿಚಾಗಿ ಇರಬಹುದು. ನೀರು ಕುಡಿದರೆ ಜರಿಯುವುದು ಅದೇ. ಬರೆಯ ಮೈಯಲ್ಲಿ ನೀರು ಒಸರಿದ ಗುರುತು, ಮೇಲೆ ವಾಲಿದ ತೆಂಗು, ನೆಲದಲ್ಲಿ ಉದ್ದಕ್ಕೆ ಬಿರುಕು ಕಂಡರೆ ಆ ಮನೆ ಬಿಡಿ. ಬಾಡಿಗೆ ಎಷ್ಟು ಕಡಿಮೆ ಇದ್ದರೂ ಬಿಡಿ. ನಮ್ಮ ಮೊದಲ ಮನೆಯಲ್ಲಿ ಇದೆಲ್ಲ ಇತ್ತು, ಬೇಸಿಗೆಯ ಬಿಸಿಲಿಗೆ ಕಣ್ಣಿಗೆ ಬೀಳಲಿಲ್ಲ.

ತಗ್ಗಿನ ಮನೆಯಾದರೆ ಹೊರಗೋಡೆಯ ಅಡಿಯಲ್ಲಿ ಕೆಸರಿನ ಅಡ್ಡಗೆರೆ ಹುಡುಕಿ. ಹೊಸದಾಗಿ ಸೊಂಟದ ಎತ್ತರಕ್ಕೆ ಮಾತ್ರ ಪೈಂಟು ಹೊಡೆದಿದ್ದರೆ ಯಾಕೆ ಎಂದು ಕೇಳಿ.

ಬಾವಿಕಟ್ಟೆ ಮಕ್ಕಳ ಎದೆಗಿಂತ ಎತ್ತರ ಇರಬೇಕು, ಮೇಲೆ ಬಲೆ ಇರಬೇಕು. ಕಕ್ಕಸಿನ ಗುಂಡಿ ಬಾವಿಯಿಂದ 7.5 ಮೀಟರಾದರೂ ದೂರ ಇರಬೇಕೆಂದು ಕೇರಳದ ಕಟ್ಟಡ ನಿಯಮವೇ ಹೇಳುತ್ತದೆ. ಕಡಲಿಗೆ ಹತ್ತಿರದ ಮನೆಯಾದರೆ ನೀರು ಬಾಯಿಗೆ ಹಾಕಿ ನೋಡಿ, ಏಪ್ರಿಲ್‌ನಲ್ಲಿ ಉಪ್ಪಾಗುವ ಬಾವಿ ಬೇಕಾದಷ್ಟು ಉಂಟು.

ಮೀಟರ್ ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಕಡಿದು ಬಿಡುವ ಸ್ವಿಚ್ಚು, ಇಎಲ್‌ಸಿಬಿ ಇದೆಯೇ ನೋಡಿ. ಅದರಲ್ಲಿ 'ಟೆಸ್ಟ್' ಎಂಬ ಸಣ್ಣ ಗುಂಡಿ ಇರುತ್ತದೆ. ಒತ್ತಿದ ಕೂಡಲೇ ಟಕ್ ಎಂದು ಕರೆಂಟು ಹೋಗಬೇಕು. ಹೋಗದಿದ್ದರೆ ಬದಲಿಸಿ ಕೊಡಲು ಹೇಳಿ. ಮಳೆಗಾಲದ ಒದ್ದೆ ಗೋಡೆಯಿಂದ ಶಾಕ್ ಹೊಡೆದಾಗ ಜೀವ ಉಳಿಸುವುದು ಈ ಸ್ವಿಚ್ಚೇ.

ಮುಂಬಾಗಿಲಿಗೆ ಎಲ್ಲರೂ ಚೆಂದದ ಬೀಗ ಹಾಕುತ್ತಾರೆ. ನೀವು ಅಡುಗೆಮನೆಯ ಹಿಂದಿನ ಬಾಗಿಲು ನೋಡಿ. ಚಿಲಕ ಅಲ್ಲಾಡುತ್ತದಾ? ಹಂಚಿನ ಮನೆಯಾದರೆ ಒಳಗೆ ಮುಚ್ಚಿಗೆ ಉಂಟಾ?

ದುಡ್ಡು ಕೊಡುವುದು ಕೊನೆಗೆ

ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. "ನಾನು ಮಿಲಿಟರಿಯಲ್ಲಿದ್ದೇನೆ, ವರ್ಗವಾಗಿದೆ, ಕ್ಯೂಆರ್ ಕೋಡ್ ಕಳಿಸುತ್ತೇನೆ" ಎನ್ನುವವರ ಮೋಸಕ್ಕೆ ತುಂಬ ಜನ ಬಿದ್ದಿದ್ದಾರೆ. ಹಾಗೆ ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಕರಾರಿನಲ್ಲಿ ದುರಸ್ತಿಯ ಮಾತು ಬರೆಸಿ: ಇಎಲ್‌ಸಿಬಿ, ಹಿಂದಿನ ಚಿಲಕ, ಬಾವಿಯ ಬಲೆ.

ಮನೆಗೆ ಹೋದ ದಿನವೇ ಬೀಗ ಬದಲಿಸಿ. ಹಳೇ ಬಾಡಿಗೆಯವರ ಕೈಯಲ್ಲಿ ಎಷ್ಟು ಕೀಲಿಕೈ ಇತ್ತೋ ಯಜಮಾನರಿಗೂ ನೆನಪಿರುವುದಿಲ್ಲ. ಊರಿಗೆ ಹೋಗುವಾಗ ಕೇರಳ ಪೊಲೀಸರ ಪೋಲ್-ಆಪ್‌ನಲ್ಲಿ ಮನೆ ಬೀಗ ಹಾಕಿರುವ ವಿಷಯ ತಿಳಿಸಿದರೆ 14 ದಿನದವರೆಗೆ ಆ ಕಡೆ ಕಣ್ಣಿಡುತ್ತಾರೆ.

ಒಂದು ದೊಡ್ಡ ಕಾಗದದಲ್ಲಿ 112, ಹೆಂಗಸರಿಗೆ ಪಿಂಕ್ ಪೊಲೀಸಿನ 1515, ಮಳೆಗಾಲಕ್ಕೆ ಜಿಲ್ಲಾ ಕಂಟ್ರೋಲ್ ರೂಮಿನ 1077, ಕರೆಂಟಿಗೆ 1912 ಬರೆಯಿರಿ. ಅದರ ಕೆಳಗೆ ನಿಮ್ಮ ವಿಳಾಸ: ಮನೆಯ ಹೆಸರು, ವಾರ್ಡು, ಹತ್ತಿರದ ಕಂಬದ ನಂಬರು, ಯಾವ ಅಂಗಡಿಯ ಹತ್ತಿರ ಎಲ್ಲಿ ತಿರುಗಬೇಕು ಎಂಬುದು. ಅದನ್ನು ಪಕ್ಕದ ಮನೆಯವರಿಂದ ಮಲಯಾಳದಲ್ಲಿ ಹೇಳಿಸಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಬಾಗಿಲ ಹಿಂದೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ, ಅವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ.