ಓಣಿಯ ಬಾವಡಿಗೆ ನಾವು ಗಚ್ಚು ಹಾಕಿದ್ದು ಹೀಗೆ

ಮೊದಲ ಸಲ ನಮ್ಮ ಬಾವಡಿ, ಅಂದರೆ ಮೆಟ್ಟಿಲಿಳಿದು ನೀರು ಮುಟ್ಟುವ ಹಳೇ ಬಾವಿ, ಸ್ವಚ್ಛ ಮಾಡಿದಾಗ ಕೆಲಸ ಮುಗಿದೇ ಹೋಯಿತು ಅಂದುಕೊಂಡಿದ್ದೆವು. ಮೂರು ಭಾನುವಾರ, ಸುಮಾರು ನಲವತ್ತು ಜನ, ಐದು ಟ್ರ್ಯಾಕ್ಟರ್ ಕಸ. ಫೋಟೊ ತೆಗೆಸಿಕೊಂಡೆವು, ಚಹಾ ಚೂಡಾ ಆಯಿತು, ಮನೆಗೆ ಹೋದೆವು. ಗಣೇಶನ ಹಬ್ಬ ಮುಗಿದು ದೀಪಾವಳಿ ಬರುವಷ್ಟರಲ್ಲಿ ಎಲ್ಲ ಮೊದಲಿನ ಹಾಗೇ ಆಗಿತ್ತು. ನೀರಿನ ಮೇಲೆ ಬಾಡಿದ ಹಾರ, ಥರ್ಮಾಕೋಲ್ ಮಂಟಪ, ಗಾಜು ಒಡೆದ ದೇವರ ಫೋಟೊ, ಪ್ಲಾಸ್ಟಿಕ್ ಚೀಲ. ಅವತ್ತು ಮೆಟ್ಟಿಲ ಮೇಲೆ ಕುಳಿತು ತುಂಬಾ ಹೊತ್ತು ಏಳಲೇ ಇಲ್ಲ. ಅಷ್ಟು ನೋವಾಗಿತ್ತು.

ನಾನು ವಿಜಯಪುರದ ಹಳೇ ಓಣಿಯಲ್ಲಿ ಹುಟ್ಟಿ ಬೆಳೆದವನು. ಇಪ್ಪತ್ತೆರಡು ವರ್ಷದಿಂದ ಮನೆ ಕಟ್ಟಿಸುವ ಗುತ್ತಿಗೆ ಮಾಡುತ್ತೇನೆ. ನಮ್ಮ ಬಾವಡಿಗೆ ದೊಡ್ಡ ಹೆಸರೇನೂ ಇಲ್ಲ. ಚಾಂದ್ ಬಾವಡಿ ಒಂದನೇ ಅಲಿ ಆದಿಲ್ ಶಾಹ 1579ರಲ್ಲಿ ಕಟ್ಟಿಸಿದ್ದು, ತಾಜ್ ಬಾವಡಿ 1620ರದ್ದು ಅಂತ ಊರಿನ ಶಾಲೆ ಮಕ್ಕಳೂ ಹೇಳುತ್ತಾರೆ. ನಮ್ಮದಕ್ಕೆ ಶಾಸನ ಇಲ್ಲ, ಫಲಕ ಇಲ್ಲ. ಕರಿಕಲ್ಲಿನ ಮೆಟ್ಟಿಲು, ಮೂರು ಕಡೆ ಕಮಾನು, ನಡುವೆ ನೀರು. ಆದರೆ 1972ರ ಬರದಲ್ಲಿ ಇಡೀ ಓಣಿ ಇದರ ನೀರು ಕುಡಿದೇ ಬದುಕಿತು ಅಂತ ನಮ್ಮವ್ವ ಹೇಳುತ್ತಿದ್ದಳು. ನನಗೆ ಅದಕ್ಕಿಂತ ದೊಡ್ಡ ಶಾಸನ ಬೇಕಿರಲಿಲ್ಲ.

ನಮ್ಮೂರಲ್ಲಿ ಇಷ್ಟು ಬಾವಡಿ ಯಾಕೆ ಅಂತ ಹೊರಗಿನವರು ಕೇಳುತ್ತಾರೆ. ಇಲ್ಲಿ ಮಳೆ ಕಡಿಮೆ, ನೆಲ ಕರಿಕಲ್ಲು. 1565ರ ರಕ್ಕಸತಂಗಡಿ ಯುದ್ಧ ಆದ ಮೇಲೆ ಊರು ಬೆಳೆಯಿತು, ನೀರು ಸಾಲದಾಯಿತು. ತೊರವಿ ಕಡೆಯಿಂದ ನೆಲದೊಳಗೆ ಸುರಂಗ ಕೊರೆದು ನೀರು ತಂದರು. ಅದೇ ಸುರಂಗ ಬಾವಡಿ. ಮಣ್ಣಿನ ಕೊಳವೆ ಹಾಕಿ ಊರೊಳಗೆ ಹರಿಸಿದರು. ದಾರಿಯಲ್ಲಿ ನೀರಿನ ಒತ್ತಡ ಇಳಿಯಲಿ, ಕೆಸರು ತಳ ಸೇರಲಿ ಅಂತ ಗಂಜ್‌ಗಳನ್ನು, ಅಂದರೆ ಎತ್ತರದ ನೀರಿನ ಗೋಪುರಗಳನ್ನು ಕಟ್ಟಿದರು. ಗೋಳಗುಮ್ಮಟ ನೋಡಲು ಬಂದವರು ಅವುಗಳ ಪಕ್ಕದಲ್ಲೇ ಹಾದು ಹೋಗುತ್ತಾರೆ, ತಿರುಗಿ ನೋಡುವುದಿಲ್ಲ. ದಖ್ಖನ್ ಪ್ರಸ್ಥಭೂಮಿಯ ಹಳೆಯ ನೀರಿನ ವ್ಯವಸ್ಥೆಗಳನ್ನು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಅನ್ನುವ ಹೊರದೇಶದ ಸಂಸ್ಥೆ, ಕಾಪಾಡಬೇಕಾದ ಹಳೇ ತಾಣಗಳ ತನ್ನ 2020ರ ಪಟ್ಟಿಗೆ ಸೇರಿಸಿದ್ದು ಓದಿದಾಗ ನನಗೆ ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಹೊರದೇಶದವರಿಗೆ ಕಂಡದ್ದು ನಮ್ಮ ಮನೆ ಮುಂದೆ ಕಸದ ತಿಪ್ಪೆಯಾಗಿತ್ತಲ್ಲ!

ದೀಪಾವಳಿ ಮುಗಿದ ಮೇಲೆ ನಾವು ನಾಲ್ಕು ಜನ ಮನೆ ಮನೆಗೆ ಹೋದೆವು. ಯಾರನ್ನೂ ಬೈಯಬಾರದು, ಯಾಕೆ ಹಾಕುತ್ತೀರಿ ಅಂತ ಮಾತ್ರ ಕೇಳಬೇಕು ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಒಬ್ಬ ಹಿರಿಯ ಅವ್ವ ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

‘ದೇವರ ಫೋಟೊ ಕಸದ ಗಾಡಿಗೆ ಹ್ಯಾಂಗ ಕೊಡೂದಪಾ ತಮ್ಮಾ? ಜೀವ ಒಪ್ಪಂಗಿಲ್ಲ. ನೀರಿಗೆ ಬಿಟ್ರ ಸಮಾಧಾನ ಆಗತೈತಿ.’

ಅಲ್ಲಿಗೆ ಅರ್ಥ ಆಯಿತು. ಅವರು ಬಾವಡಿಯನ್ನು ತಿಪ್ಪೆ ಅಂದುಕೊಂಡು ಹಾಕುತ್ತಿರಲಿಲ್ಲ. ಇಡೀ ಓಣಿಯಲ್ಲಿ ಅದೊಂದೇ ಪವಿತ್ರ ನೀರು ಅಂತ ಅಲ್ಲಿಗೆ ಬರುತ್ತಿದ್ದರು. ಬೇರೆ ಜಾಗ ಕೊಡದೆ ‘ಹಾಕಬೇಡಿ’ ಅಂತ ಬೋರ್ಡ್ ಬರೆಸಿದರೆ ಯಾರು ಕೇಳುತ್ತಾರೆ?

ಮೆಟ್ಟಿಲಿಗೆ ಇಳಿಯುವ ಮುಂಚೆಯೇ ಒಂದು ಸಣ್ಣ ತೊಟ್ಟಿ ಕಟ್ಟಿಸಿದೆವು, ಬಾವಡಿಯ ನೀರನ್ನೇ ಅದಕ್ಕೆ ತುಂಬುತ್ತೇವೆ. ಗಣೇಶನನ್ನು ಅದರಲ್ಲೇ ಬಿಡುತ್ತಾರೆ. ಪಕ್ಕದಲ್ಲಿ ಹೂವಿಗೊಂದು ಗುಂಡಿ. ಗುಡಿಯ ಹೂವೂ ಅಲ್ಲಿಗೇ, ದರ್ಗಾದ ಹೂವೂ ಅಲ್ಲಿಗೇ. ಆರು ತಿಂಗಳಿಗೊಮ್ಮೆ ಆ ಗೊಬ್ಬರ ತೆಗೆದು ಎರಡೂ ಕಡೆಯ ಗಿಡಗಳಿಗೆ ಹಾಕುತ್ತಾರೆ. ಹಳೇ ಫೋಟೊಗಳ ಚೌಕಟ್ಟು, ಗಾಜು ಬೇರೆ ಮಾಡುವ ಕೆಲಸವನ್ನು ಗುಡಿಯ ಅಯ್ಯನವರೇ ವಹಿಸಿಕೊಂಡರು. ಮುಂದಿನ ಚತುರ್ಥಿಗೆ ನೀರಿಗೆ ಬಿದ್ದದ್ದು ಎರಡೇ ಹಾರ. ನಾವು ಮಾಡಿದ ಕೆಲಸಗಳಲ್ಲಿ ಎಲ್ಲಕ್ಕಿಂತ ಕಡಿಮೆ ಖರ್ಚಿನದು ಇದು. ಜಾಸ್ತಿ ಉಪಯೋಗಕ್ಕೆ ಬಂದದ್ದೂ ಇದೇ.

ಇನ್ನೊಂದು ತಪ್ಪು ಪೂರ್ತಿ ನನ್ನದು. ಮೊದಲ ಬೇಸಿಗೆಯಲ್ಲಿ ದಕ್ಷಿಣದ ಕಮಾನಿನ ಬುಡದಲ್ಲಿ ಕಲ್ಲಿನ ಸಂದು ಬಿಟ್ಟಿದ್ದು ಕಂಡಿತು. ನನ್ನದೇ ಕೆಲಸದ ಸೈಟಿನಿಂದ ಆರು ಚೀಲ ಸಿಮೆಂಟ್ ತರಿಸಿ ಎರಡು ದಿನದಲ್ಲಿ ಸಂದು ಮುಚ್ಚಿಸಿದೆ. ನೋಡಲು ಚೆನ್ನಾಗಿತ್ತು. ಒಂದು ಮಳೆಗಾಲ ಕಳೆಯಿತು. ಸಿಮೆಂಟಿನ ಅಂಚಿನುದ್ದಕ್ಕೂ ಬಿಳಿ ಉಪ್ಪು ಎದ್ದಿತು. ಒಂದು ಬೆಳಿಗ್ಗೆ ಅಂಗೈ ಅಗಲದ ತುಂಡು ತಾನಾಗೇ ಕಳಚಿ ಬಿದ್ದಿತ್ತು. ಎತ್ತಿ ತಿರುಗಿಸಿ ನೋಡಿದೆ. ಹಿಂಬದಿಗೆ ಒಂದು ಬೆರಳು ದಪ್ಪ ಹಳೇ ಗಚ್ಚು, ಅಂದರೆ ಸುಣ್ಣದ ಗಾರೆ, ಅಂಟಿಕೊಂಡು ಬಂದಿತ್ತು. ನೂರಾರು ವರ್ಷ ಕದಲದೆ ನಿಂತಿದ್ದ ಗಚ್ಚು ಅದು.

ಆ ತುಂಡನ್ನು ಚೀಲದಲ್ಲಿ ಹಾಕಿಕೊಂಡು ನಮ್ಮ ಕಡೆಯ ಒಬ್ಬ ಹಳೇ ಗೌಂಡಿ (ಗಾರೆ ಕೆಲಸದ) ಅಜ್ಜನ ಹತ್ತಿರ ಹೋದೆ. ಎಪ್ಪತ್ತು ದಾಟಿದ ಜೀವ. ಅಜ್ಜ ಉಗುರಿನಿಂದ ಕೆರೆದು ನೋಡಿದ, ನಾಲಿಗೆಗೆ ತಾಗಿಸಿ ನೋಡಿದ.

‘ಗ್ವಾಡಿ ಬಾಯಾಗ ಅರಿವಿ ತುರುಕೀರಿ ನೀವು. ಅದು ಉಸಿರಾಡೂದು ಹ್ಯಾಂಗ ಹೇಳ್ರಿ?’

ಅಜ್ಜನ ಮಾತು ಅಕ್ಷರಶಃ ಸರಿ. ಬಾವಡಿಯ ಗೋಡೆ ಹಿಂದಿನ ಮಣ್ಣಿನಿಂದ ಯಾವಾಗಲೂ ತೇವ ಎಳೆಯುತ್ತಿರುತ್ತದೆ. ಸುಣ್ಣದ ಗಚ್ಚು ಆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟ್ ತಡೆದು ನಿಲ್ಲಿಸುತ್ತದೆ. ನಿಂತ ತೇವ ಪಕ್ಕದ ಮೆತ್ತನೆಯ ಗಚ್ಚಿನಲ್ಲಿ ದಾರಿ ಹುಡುಕುತ್ತದೆ, ಉಪ್ಪನ್ನೂ ಜೊತೆಗೆ ತರುತ್ತದೆ, ಗಚ್ಚು ಪುಡಿಯಾಗುತ್ತದೆ. ಇಪ್ಪತ್ತೆರಡು ವರ್ಷ ಸಿಮೆಂಟ್ ಕಲಸಿದವನಿಗೆ ಇದು ಗೊತ್ತಿರಲಿಲ್ಲ. ಈಗ ಯಾರೇ ಹಳೇ ವಾಡೆಗೆ ಸಿಮೆಂಟ್ ಹಚ್ಚಿಸಲು ಕರೆದರೂ ಕೈಮುಗಿದು ಬೇಡ ಅನ್ನುತ್ತೇನೆ. ಹಾಗೆಯೇ ಕರಿಕಲ್ಲಿಗೆ ಆಯಿಲ್ ಪೇಂಟ್ ಬಳಿಯುವುದು. ಚಂದ ಕಾಣಲಿ ಅಂತ ಮಾಡುತ್ತಾರೆ, ಪಾಪ, ಆದರೆ ಅದೂ ಕಲ್ಲಿನ ಉಸಿರು ಕಟ್ಟಿಸುವುದೇ.

ಅಜ್ಜ ಬರಲು ಒಪ್ಪಿದ. ಒಂದೇ ಕರಾರು: ಅವಸರ ಮಾಡಬಾರದು.

ಬಾಗಲಕೋಟೆ ಕಡೆಯ ಭಟ್ಟಿಯಿಂದ ಸುಟ್ಟ ಸುಣ್ಣದ ಕಲ್ಲು ತರಿಸಿದೆವು. ಗುಂಡಿಯಲ್ಲಿ ನೀರು ತುಂಬಿ ಅದರೊಳಗೆ ಸ್ವಲ್ಪ ಸ್ವಲ್ಪವೇ ಕಲ್ಲು ಬಿಡಬೇಕು. ಕೊತಕೊತ ಕುದಿಯುತ್ತದೆ, ಸಿಡಿಯುತ್ತದೆ. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು, ಆದ್ದರಿಂದ ಮಕ್ಕಳನ್ನು ಆ ದಿನ ಹತ್ತಿರ ಬಿಡಲಿಲ್ಲ. ಅರಳಿದ ಸುಣ್ಣವನ್ನು ಸೋಸಿ, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ, ಮುಚ್ಚಿ ಒಂದು ತಿಂಗಳು ಬಿಟ್ಟೆವು. ತೆಗೆದಾಗ ಬೆಣ್ಣೆಯ ಹಾಗಿತ್ತು.

ಒಂದು ಪಾಲು ಸುಣ್ಣ, ಒಂದು ಪಾಲು ಸುರ್ಕಿ, ಎರಡು ಪಾಲು ಮರಳು. ಸುರ್ಕಿ ಅಂದರೆ ಚೆನ್ನಾಗಿ ಸುಟ್ಟ ಇಟ್ಟಂಗಿಯ ಪುಡಿ. ನೀರು ತಾಗುವ ಜಾಗದಲ್ಲಿ ಬರೀ ಸುಣ್ಣ ಗಟ್ಟಿಯಾಗುವುದಿಲ್ಲ, ಸುರ್ಕಿ ಸೇರಿದರೆ ಒದ್ದೆಯಲ್ಲೂ ಹಿಡಿಯುತ್ತದೆ. ಅಳಲೆಕಾಯಿ ಜಜ್ಜಿ ನೆನೆಸಿದ ನೀರು, ಬೆಲ್ಲದ ನೀರು ಹಾಕಿ ಕಲಸಿದೆವು. ಹಿಂದೆ ಇದನ್ನು ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಅರೆಯುತ್ತಿದ್ದರು. ನಮಗೆ ಗಾಣ ಸಿಗಲಿಲ್ಲ, ಹಳೇ ಒರಳು ಒನಕೆ ಇಟ್ಟುಕೊಂಡು ಕುಟ್ಟಿದೆವು. ಗಂಡಸರು ಅರ್ಧ ತಾಸಿಗೇ ಸೋತರು. ಶೇಂಗಾ ಚಟ್ನಿ ಕುಟ್ಟಿ ರೂಢಿ ಇದ್ದ ಓಣಿಯ ಅಕ್ಕಂದಿರು ಸರದಿಯ ಮೇಲೆ ನಿಂತು ಕುಟ್ಟಿ ಮುಗಿಸಿದರು. ಹದ ಬಂತೋ ಇಲ್ಲವೋ ಅಂತ ನೋಡಲು ಅಜ್ಜ ಥಾಪಿಯ (ಗಾರೆ ಹಚ್ಚುವ ಕರಣೆಯ) ಮೇಲೆ ಒಂದು ಮುದ್ದೆ ಗಚ್ಚು ಇಟ್ಟು ತಲೆಕೆಳಗೆ ಮಾಡುತ್ತಿದ್ದ. ಬಿದ್ದರೆ ಮತ್ತೆ ಒರಳಿಗೆ. ಮೊದಲ ದಿನ ನಾಲ್ಕು ಸಲ ಬಿತ್ತು.

ಹಚ್ಚುವ ಮುಂಚೆ ನನ್ನ ಸಿಮೆಂಟನ್ನು ಸಣ್ಣ ಚಾಣದಿಂದ ಒಂದೊಂದೇ ಇಂಚು ಬಿಡಿಸಿ ತೆಗೆದೆವು. ಒಂಬತ್ತು ದಿನ ಬೇಕಾಯಿತು. ಮಷಿನ್ ಹಚ್ಚಿದ್ದರೆ ಕಲ್ಲಿನ ಅಂಚು ಒಡೆಯುತ್ತಿತ್ತು. ಸಂದು ತೊಳೆದು, ಒದ್ದೆ ಮಾಡಿ, ಗಚ್ಚನ್ನು ಪದರ ಪದರವಾಗಿ ಒತ್ತಿ ತುಂಬಿದೆವು. ಆಮೇಲೆ ಮುಖ್ಯ ಕೆಲಸ: ಒಣಗಲು ಬಿಡದೇ ಇರುವುದು. ನಮ್ಮೂರ ಬಿಸಿಲು ನಿಮಗೆ ಗೊತ್ತಲ್ವಾ, ಒಂದು ಮಧ್ಯಾಹ್ನ ಸಾಕು, ಹಸಿ ಗಚ್ಚು ಬಿರಿದು ಪುಡಿಯಾಗುತ್ತದೆ. ಮೂರು ವಾರ ಗೋಣಿ ತಟ್ಟು ಹೊದಿಸಿ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಬೇಕು. ಇದನ್ನು ಕೂಲಿ ಕೊಟ್ಟು ಮಾಡಿಸುವಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಅದೇ ಒಳ್ಳೆಯದಾಯಿತು. ಬೆಳಿಗ್ಗೆ ಸಾಲಿಗೆ ಹೋಗುವ ಮಕ್ಕಳು, ಮಧ್ಯಾಹ್ನ ಅಕ್ಕಪಕ್ಕದ ಮನೆಯವರು, ಸಂಜೆ ನಮಾಜಿಗೆ ಹೋಗುವವರು, ರಾತ್ರಿ ಅಂಗಡಿ ಮುಚ್ಚಿ ಬರುವವರು. ಮೂರು ವಾರ ಕೈಯಾರೆ ನೀರು ಹಾಕಿದ ಗೋಡೆಗೆ ಯಾರೂ ಕಸ ಎಸೆಯುವುದಿಲ್ಲ. ಎಸೆಯಲು ಬಂದವರನ್ನೂ ಬಿಡುವುದಿಲ್ಲ.

ಹೂಳು ತೆಗೆದದ್ದು ಮೇ ತಿಂಗಳಲ್ಲಿ, ನೀರು ತಳ ಸೇರಿದಾಗ. ಮೋಟಾರು ಹಚ್ಚಿ ಒಂದೇ ದಿನದಲ್ಲಿ ಖಾಲಿ ಮಾಡೋಣ ಅಂತ ಹುಡುಗರ ಹಟ. ಹಾಗೆ ಮಾಡಬೇಡಿ. ಒಳಗಿನ ನೀರು ಗೋಡೆಗೆ ಒತ್ತು ಕೊಟ್ಟು ನಿಂತಿರುತ್ತದೆ. ಹಿಂದಿನ ಒದ್ದೆ ಮಣ್ಣು ಬಸಿಯುವ ಮುಂಚೆ ಅದನ್ನು ಎಳೆದುಬಿಟ್ಟರೆ ಗೋಡೆ ಒಳಗೆ ಕುಸಿಯಬಹುದು. ದಿನಕ್ಕೆ ಒಂದು ಮೆಟ್ಟಿಲಿನಷ್ಟೇ ಇಳಿಸಿದೆವು. ಕಮಾನಿನ ಸಂದಿನಲ್ಲಿ ಬೆಳೆದಿದ್ದ ಅರಳಿ ಗಿಡವನ್ನೂ ಕಿತ್ತು ಎಳೆಯಲಿಲ್ಲ. ಎಳೆದರೆ ಬೇರಿನ ಜೊತೆ ಕಲ್ಲೂ ಬರುತ್ತದೆ. ಮೇಲಿನದನ್ನು ಕಡಿದು, ಬೇರು ಸತ್ತ ಮೇಲೆ ಆ ಸಂದಿಗೆ ಗಚ್ಚು ತುಂಬಿದೆವು.

‘ನಿಧಿ ಸಿಕ್ತೇನ್ರಿ?’ ಅಂತ ದಿನಾ ಹತ್ತು ಜನ ಕೇಳುತ್ತಿದ್ದರು. ಸಿಕ್ಕಿದ್ದು ತುಕ್ಕು ಹಿಡಿದ ಒಂದು ಪಾತಾಳಗರಡಿ (ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು), ಮತ್ತು ಅದು ಹುಡುಕಲಾಗದೇ ಬಿಟ್ಟಿದ್ದ ಏಳು ಕೊಡಗಳು. ಒಂದು ಹಿತ್ತಾಳೆ ಕೊಡದ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆದಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಮೇಲೆ ಓದಲು ಬಂತು. ಮೂರನೇ ಮನೆಯ ಅಜ್ಜಿಯ ಅತ್ತೆಯ ಹೆಸರು. ಮದುವೆಯಾಗಿ ಬಂದ ವರ್ಷ ಕೈಜಾರಿ ಬೀಳಿಸಿ, ಅತ್ತೆಯ ಹತ್ತಿರ ಬೈಸಿಕೊಂಡಿದ್ದು ತಾನೇ ಅಂತ ಅಜ್ಜಿ ಹೇಳಿದಳು. ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು ಆ ನೆಗ್ಗಿದ ಜಾಗವನ್ನೇ ಸವರುತ್ತಿದ್ದಳು. ಈಗ ದಿನಾ ಸಂಜೆ ಬಂದು ಮೇಲಿನ ಮೆಟ್ಟಿಲಲ್ಲಿ ಕೂಡುತ್ತಾಳೆ.

ಇಂಥ ಕೆಲಸಕ್ಕೆ ಇಳಿಯುವವರಿಗೆ ಕಾಗದದ ವಿಷಯ ಹೇಳಲೇಬೇಕು. ಕೇಂದ್ರ ಸರ್ಕಾರ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದು. ರಿಪೇರಿಗೂ ಕೇಳಿಯೇ ಕೈ ಹಾಕಬೇಕು. ಸ್ಮಾರಕಗಳೇ ತುಂಬಿದ ನಮ್ಮೂರಲ್ಲಿ ಎಲ್ಲಿ ನಿಂತರೂ ಈ ಪ್ರಶ್ನೆ ಬರುತ್ತದೆ. ನಮ್ಮ ಬಾವಡಿ ಆ ಗೆರೆಗಳ ಹೊರಗಿದೆ ಅಂತ ಬರಹದಲ್ಲಿ ಪಡೆದ ಮೇಲೇ ಮುಟ್ಟಿದೆವು. ಒಂದು ಕಚೇರಿಯಲ್ಲಿ ನಮ್ಮ ಅರ್ಜಿ ಐದು ತಿಂಗಳು ಮಲಗಿತ್ತು. ಆ ಐದು ತಿಂಗಳಲ್ಲಿ ಕಾಲೇಜು ಹುಡುಗಿಯರಿಬ್ಬರು ಟೇಪ್ ಹಿಡಿದು ಇಡೀ ಬಾವಡಿ ಅಳೆದು ನಕ್ಷೆ ಬರೆದರು, ಪ್ರತಿ ಕಮಾನಿನ ಫೋಟೊ ತೆಗೆದರು. ಯಾವ ಕಲ್ಲು ಎಲ್ಲಿತ್ತು ಅಂತ ಅನುಮಾನ ಬಂದಾಗಲೆಲ್ಲ ಆ ನಕ್ಷೆಯೇ ನಮ್ಮನ್ನು ಉಳಿಸಿತು.

ದಕ್ಷಿಣ, ಪಶ್ಚಿಮದ ಕಮಾನು ಮುಗಿದಿವೆ. ಉತ್ತರದ್ದು ಬಾಕಿ ಇದೆ. ಅಜ್ಜನಿಗೆ ಈಗ ಮೆಟ್ಟಿಲು ಇಳಿಯಲು ಆಗುವುದಿಲ್ಲ, ಮೇಲೆ ಕುರ್ಚಿ ಹಾಕಿಸಿಕೊಂಡು ಕೂತು ಇಬ್ಬರು ಹುಡುಗರಿಗೆ ಹೇಳಿಕೊಡುತ್ತಾನೆ. ಗುಂಡಿಯಲ್ಲಿ ಸುಣ್ಣ ನೆನೆಯುತ್ತಿದೆ. ಮಳೆ ನಿಂತು ಬಿಸಿಲು ತಣ್ಣಗಾದ ಮೇಲೆ, ಕಾರ್ತಿಕದಲ್ಲಿ, ಮತ್ತೆ ಒರಳು ಹೊರಗೆ ತೆಗೆಯುತ್ತೇವೆ.