ದೂರದ ಪ್ರಯಾಣಕ್ಕೆ ಮುನ್ನ ಹಳೆ ಓಮ್ನಿ: ಪರೀಕ್ಷೆ ತಣ್ಣಗಿನ ಇಂಜಿನ್ನಿನಿಂದ ಶುರುವಾಗಲಿ

ಬೆಂಗಳೂರಿನಿಂದ ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿ ಇಳಿಜಾರು. ಎಂಥ ಮಾರುತಿ ಓಮ್ನಿ ವ್ಯಾನೂ ಇಳಿದುಬಿಡುತ್ತದೆ. ಇಂಜಿನ್ನಿನ ಬಂಡವಾಳ ಬಯಲಾಗುವುದು ವಾಪಸು ಬರುವಾಗ, ಮಂದಿ ತುಂಬಿಕೊಂಡು ಗುಂಡ್ಯದಿಂದ ಸಕಲೇಶಪುರದ ಕಡೆ ಏರುವಾಗ. 796 ಸಿಸಿಯ ಮೂರು ಸಿಲಿಂಡರಿನ ಇಂಜಿನ್, ಅದೂ ಮುಂದಿನ ಸೀಟಿನ ಕೆಳಗೆ, ಇಕ್ಕಟ್ಟಿನಲ್ಲಿ. ಬಿಸಿ ಹೊರಹೋಗಲು ದಾರಿ ಕಡಿಮೆ. ಆದ್ದರಿಂದ ಪರೀಕ್ಷೆಯನ್ನು ಹೊರಡುವ ಹಿಂದಿನ ಸಂಜೆಗೆ ಇಟ್ಟುಕೊಳ್ಳಬೇಡಿ. ಒಂದು ವಾರ ಮೊದಲು ನೋಡಿ, ಬದಲಿಸಬೇಕಾದ್ದನ್ನು ಬದಲಿಸಿ, ನಂತರ ಐವತ್ತು ಕಿಲೋಮೀಟರಾದರೂ ಊರಲ್ಲೇ ಓಡಿಸಿ. ಹೊಸದಾಗಿ ಹಾಕಿದ ಹೋಸ್ ಕ್ಲಿಪ್ಪು ಸಡಿಲವಾಗಿದ್ದರೆ ಅದು ಮನೆ ಹತ್ತಿರವೇ ಗೊತ್ತಾಗಲಿ.

ಇಲ್ಲಿ ಹೇಳುವುದು ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸುವ ಭಾಗ) ಇರುವ ಹಳೆ ಗಾಡಿಯ ಬಗ್ಗೆ. ಎಂಪಿಎಫ್‌ಐ ಓಮ್ನಿಯಾದರೆ, ಅಂದರೆ ಕಂಪ್ಯೂಟರ್ ಹಿಡಿತದಲ್ಲಿ ಪೆಟ್ರೋಲ್ ಚಿಮ್ಮಿಸುವ ಗಾಡಿಯಾದರೆ, ಮೊದಲು ದೋಷ ಓದುವ ಸ್ಕ್ಯಾನರ್ ಹಾಕಿಸಿ. ಆಮೇಲೆ ಕೂಲಂಟ್ (ಇಂಜಿನ್ ತಣಿಸುವ ನೀರು), ಆಯಿಲ್, ಕಂಪ್ರೆಶನ್ (ಸಿಲಿಂಡರಿನೊಳಗಿನ ಒತ್ತಡ) ಪರೀಕ್ಷೆಗಳು ಅದಕ್ಕೂ ಒಂದೇ.

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಯಾರೂ ಸ್ಟಾರ್ಟ್ ಮಾಡದಂತೆ ನೋಡಿಕೊಳ್ಳಿ. ಸೀಟು ಎತ್ತಿ ಡಿಪ್‌ಸ್ಟಿಕ್ ತೆಗೆದು ಆಯಿಲ್ ಮಟ್ಟ ನೋಡಿ. ಆಯಿಲ್ ಮುಚ್ಚಳದ ಒಳಭಾಗವನ್ನೂ ಬೆರಳಿನಿಂದ ಒರೆಸಿ ನೋಡಿ. ಮಜ್ಜಿಗೆಯಂಥ ಬಿಳಿ ನೊರೆ ಇದ್ದರೆ ಕೂಡಲೇ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ಡಿನ ಕೆಳಗಿನ ಸೀಲು) ಹೋಗಿದೆ ಎಂದುಕೊಳ್ಳಬೇಡಿ. ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಒಳಗಿನ ತೇವದಿಂದಲೂ ಅದು ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಗೇ ಬೆಳ್ಳಗಿದ್ದರೆ ಮಾತ್ರ ನೀರು ಸೇರಿದೆ ಎಂದು ಅರ್ಥ.

ಈಗ ರೇಡಿಯೇಟರ್ ಮುಚ್ಚಳ ತೆಗೆಯಿರಿ. ಇದು ಇಂಜಿನ್ ಪೂರ್ತಿ ತಣ್ಣಗಿದ್ದಾಗ ಮಾತ್ರ ಮಾಡುವ ಕೆಲಸ. ಬಿಸಿಯಲ್ಲಿ ತೆಗೆದರೆ ಮುಖ ಬೇಯುತ್ತದೆ. ನೀರು ತುಕ್ಕಿನ ಬಣ್ಣದ್ದಾಗಿದ್ದರೆ ವರ್ಷಗಟ್ಟಲೆ ಬರೀ ಕೊಳಾಯಿ ನೀರು ಹಾಕಿದ್ದಾರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವ ಸಾಧ್ಯತೆ ಹೆಚ್ಚು. ಮುಚ್ಚಳ ತೆರೆದೇ ಸ್ಟಾರ್ಟ್ ಮಾಡಿ ನೋಡಿ. ಮೊದಲಿಗೆ ನಾಲ್ಕಾರು ಗುಳ್ಳೆ ಬರುವುದು ಸಹಜ. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಗುಳ್ಳೆ ಬರುತ್ತಲೇ ಇದ್ದರೆ, ಇಂಜಿನ್ ಬಿಸಿಯಾಗುವ ಮೊದಲೇ ನೀರು ಉಕ್ಕಿದರೆ, ಸಿಲಿಂಡರಿನ ಒತ್ತಡ ನೀರಿಗೆ ನುಗ್ಗುತ್ತಿದೆ. ಆ ಗಾಡಿಯಲ್ಲಿ ಘಾಟಿ ಹತ್ತುವ ಯೋಚನೆ ಬಿಡಿ, ಮೊದಲು ಹೆಡ್ ಬಿಚ್ಚಿಸಿ.

ಸ್ಟಾರ್ಟ್ ಮಾಡುವಾಗಲೇ ಒಬ್ಬರು ಸೈಲೆನ್ಸರ್ ಹತ್ತಿರ ನಿಲ್ಲಲಿ. ಮೊದಲ ನಿಮಿಷ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಸವೆದಿದೆ. ಆಯಿಲ್ ಜೊತೆಗಿಟ್ಟುಕೊಂಡು ಹೋಗಿಬರಬಹುದು. ಪಿಕಪ್ ಕೊಟ್ಟಷ್ಟೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗ್ ಕಡೆ ನೋಡಬೇಕು. ಕಪ್ಪು ಹೊಗೆಗೆ ಹೆಚ್ಚಾಗಿ ಕಾರಣ ಕಟ್ಟಿಕೊಂಡ ಏರ್ ಫಿಲ್ಟರ್ ಅಥವಾ ಪೂರ್ತಿ ಹಿಂದೆ ಹೋಗದ ಚೋಕ್ (ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಲು ಗಾಳಿ ತಗ್ಗಿಸುವ ವ್ಯವಸ್ಥೆ). ಬಿಳಿ ಹೊಗೆ ಚಳಿಯಲ್ಲಿ ಎಲ್ಲ ಗಾಡಿಯಲ್ಲೂ ಬರುತ್ತದೆ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮತ್ತೆ ಹೆಡ್ ಗ್ಯಾಸ್ಕೆಟ್ಟೇ.

ಐಡ್ಲಿಂಗ್‌ನಲ್ಲಿ ಗಾಡಿ ನಡುಗುತ್ತಿದ್ದರೆ ಮೂರರಲ್ಲಿ ಒಂದು ಸಿಲಿಂಡರ್ ಮಿಸ್ಸಿಂಗ್ ಹೊಡೆಯುತ್ತಿರಬಹುದು, ಅಂದರೆ ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಇಂಜಿನ್ ಆಫ್ ಮಾಡಿ ಒಂದು ಪ್ಲಗ್ ವೈರ್ ತೆಗೆಯಿರಿ, ಅದರ ತುದಿಗೆ ಬೇರೆ ಪ್ಲಗ್ ಸಿಕ್ಕಿಸಿ, ಪ್ಲಗ್ಗಿನ ಮೈ ಇಂಜಿನ್ನಿನ ಕಬ್ಬಿಣಕ್ಕೆ ತಾಗುವಂತೆ ಇಟ್ಟು ಸ್ಟಾರ್ಟ್ ಮಾಡಿ. ಹೀಗೆ ಮೂರಕ್ಕೂ ಒಂದೊಂದಾಗಿ. ಯಾವುದನ್ನು ತೆಗೆದಾಗ ಇಂಜಿನ್ ಸದ್ದು ಬದಲಾಗುವುದಿಲ್ಲವೋ ಅದೇ ಕಳ್ಳ ಸಿಲಿಂಡರ್. ಅದರ ಪ್ಲಗ್ ಬಿಚ್ಚಿ. ಕಾಫಿಪುಡಿ ಬಣ್ಣವಿದ್ದರೆ ಸರಿ, ಒಣ ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡು ಮಸಿಯಿದ್ದರೆ ಆಯಿಲ್ ಮೇಲೇರುತ್ತಿದೆ. ಗ್ಯಾಪ್ 0.7ರಿಂದ 0.8 ಮಿಮೀ ಇರಲಿ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನಲ್ಲಿ ಪಾಯಿಂಟ್ (ಕರೆಂಟ್ ಕಡಿಯುವ ಸ್ವಿಚ್ಚು) ಇದ್ದರೆ ಅದರ ಗ್ಯಾಪ್ 0.4ರಿಂದ 0.5 ಮಿಮೀ.

ಪ್ಲಗ್ ಬದಲಿಸಿದರೂ ಸರಿಹೋಗದಿದ್ದರೆ ಕಂಪ್ರೆಶನ್ ಗೇಜ್ ಹಾಕಿಸಿ. ಮೂರೂ ಪ್ಲಗ್ ತೆಗೆದಿರಬೇಕು, ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲಿನ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ತುಳಿದಿರಬೇಕು. ಈ ಕೊನೆಯದನ್ನು ಮರೆತು ಒಳ್ಳೆ ಇಂಜಿನ್ನಿಗೂ ಬೋರ್ ಮಾಡಿಸಿ (ಸಿಲಿಂಡರ್ ಕೊರೆಸಿ) ಅನ್ನುವವರಿದ್ದಾರೆ. ಮೂರರ ಅಂಕಿಗಳೂ ಹತ್ತಿರ ಹತ್ತಿರ ಇರಬೇಕು. ಒಂದು ತೀರಾ ಕಡಿಮೆ ಬಂದರೆ ಪ್ಲಗ್ ತೂತಿನಲ್ಲಿ ಒಂದು ಟೀ ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ. ಗ್ಯಾಸ್ ಕಿಟ್‌ನಲ್ಲೇ ಬಹುಕಾಲ ಓಡಿದ ಗಾಡಿಯಲ್ಲಿ ಎರಡನೆಯದು ಸಾಮಾನ್ಯ.

ಇನ್ನು ಬಿಸಿ. ಗಾಡಿ ನಿಲ್ಲಿಸಿ ಇಂಜಿನ್ ಓಡಲು ಬಿಡಿ. ಟೆಂಪರೇಚರ್ ಮುಳ್ಳು ಅರ್ಧ ದಾಟಿ ಮೇಲೆ ಹೋಗುತ್ತಿದ್ದರೂ ರೇಡಿಯೇಟರ್ ಫ್ಯಾನ್ ತಿರುಗದಿದ್ದರೆ ಇಂಜಿನ್ ಆಫ್ ಮಾಡಿ, ಫ್ಯಾನ್ ಮೋಟಾರಿಗೆ ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟು ನೋಡಿ. ಮೋಟಾರ್ ತಿರುಗಿದರೆ ತಪ್ಪು ಫ್ಯೂಸ್, ವೈರ್ ಅಥವಾ ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಥರ್ಮೋ ಸ್ವಿಚ್ಚಿನಲ್ಲಿ. ಕೆಲವರು ಥರ್ಮೋಸ್ಟಾಟ್ (ಬಿಸಿಗೆ ತಕ್ಕಂತೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್) ಕಿತ್ತೆಸೆದು ‘ಬಿಸಿ ಸಮಸ್ಯೆ ಹೋಯ್ತು’ ಅನ್ನುತ್ತಾರೆ. ಹೋಗಿರುವುದಿಲ್ಲ, ಕಟ್ಟಿದ ರೇಡಿಯೇಟರ್ ಹಾಗೇ ಇರುತ್ತದೆ, ಘಾಟಿಯಲ್ಲಿ ಮತ್ತೆ ಕಾಣಿಸುತ್ತದೆ.

ಏರಿನಲ್ಲಿ ಬಿಸಿಯಾಗಿ ನಿಂತು, ಅರ್ಧ ಗಂಟೆ ತಣಿದ ಮೇಲೆ ತಾನಾಗಿ ಸ್ಟಾರ್ಟ್ ಆಗುವ ಗಾಡಿಗೆ ಎರಡೇ ಕಾರಣ ಹುಡುಕಿ. ನಿಂತ ಕೂಡಲೇ ಸ್ಪಾರ್ಕ್ ನೋಡಿ. ನೀಲಿಯಾಗಿ ಚಟ್ ಎಂದರೆ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯಿರಿ. ಹಳದಿಯಾಗಿ ಮಂಕಾಗಿದ್ದರೆ ಕಾಯಿಲ್ ಇಲ್ಲವೇ ಪಾಯಿಂಟಿನ ಜೊತೆಗಿರುವ ಕಂಡೆನ್ಸರ್ ಕೆಟ್ಟಿದೆ. ಪೆಟ್ರೋಲ್ ವಾಸನೆ ಇರುವಾಗ ಮಾತ್ರ ಈ ಸ್ಪಾರ್ಕ್ ಪರೀಕ್ಷೆ ಬೇಡವೇ ಬೇಡ.

ಪೆಟ್ರೋಲಿನ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ಎಲ್ಲವನ್ನೂ ಬದಲಿಸಿ. ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರಿಗೆ ಒಳ್ಳೆಯದಲ್ಲ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಬೆಲ್ಟ್) ಯಾವಾಗ ಹಾಕಿದ್ದೆಂದು ಬರಹದಲ್ಲಿ ಇಲ್ಲದಿದ್ದರೆ ಹೊಸದು ಹಾಕಿಸಿಬಿಡಿ.

ಬ್ಯಾಟರಿ ನಿಂತಾಗ 12.6 ವೋಲ್ಟ್, ಇಂಜಿನ್ ಓಡುವಾಗ 13.8ರಿಂದ 14.4 ತೋರಿಸಬೇಕು.

ಕೊನೆಗೆ ಡಿಪ್‌ಸ್ಟಿಕ್ಕಿನ ಮೇಲಿನ ಗೆರೆವರೆಗೆ ಆಯಿಲ್ ತುಂಬಿ, ಪ್ರಯಾಣದ ದಿನದಷ್ಟೇ ಭಾರ ಹೇರಿ, ಹತ್ತಿರದ ಏರಿರುವ ರಸ್ತೆಯಲ್ಲಿ ನೂರು ಕಿಲೋಮೀಟರ್ ಓಡಿಸಿ. ಮರುದಿನ ಬೆಳಿಗ್ಗೆ ತಣ್ಣಗಿದ್ದಾಗ ಆಯಿಲ್, ಕೂಲಂಟ್ ಎರಡನ್ನೂ ಅಳೆಯಿರಿ. ಆಯಿಲ್ ಸ್ವಲ್ಪ ಇಳಿದಿದ್ದರೆ ಒಂದು ಲೀಟರ್ ಡಬ್ಬ ಗಾಡಿಯಲ್ಲಿರಲಿ. ಕೂಲಂಟ್ ಇಳಿದಿದ್ದು ಹೊರಗೆಲ್ಲೂ ಸೋರಿದ ಗುರುತಿಲ್ಲದಿದ್ದರೆ, ಟಿಕೆಟ್ ತೆಗೆದು ಬಸ್ಸಿನಲ್ಲಿ ಹೋಗಿ.